ತಡವಾಗಿ ಬಂದ ‘ಇಲ್ಲ’

ಕಂಪ್ಯೂಟರ್ ಮಾತಾಡುವುದು ಪರದೆಯ ಮೇಲೆ ಮಾತ್ರ ಎಂದು ನಂಬಿಕೊಂಡು ನಾನು ಹನ್ನೊಂದು ವರ್ಷ ಕೆಲಸ ಮಾಡಿದೆ. ಅದು ಬಾಯಿ ಮುಚ್ಚಿಕೊಂಡಿರುವಾಗಲೂ ಮಾತಾಡುತ್ತದೆ, ಎಷ್ಟು ಹೊತ್ತು ಮುಚ್ಚಿಕೊಂಡಿತ್ತು ಎಂಬುದರಲ್ಲೇ ಗುಟ್ಟು ಬಿಟ್ಟುಕೊಡುತ್ತದೆ ಎಂದು ನನಗೆ ತೋರಿಸಿಕೊಟ್ಟವರು ಈ ವಿದ್ಯೆ ಕಲಿತವರಲ್ಲ, ಮೌಸ್ ಹಿಡಿಯಲು ಕೂಡ ಹಿಂಜರಿಯುತ್ತಿದ್ದ ಶಾಂತಕ್ಕ. ಈ ಬರಹ ಅವರದು, ಮತ್ತು ನಾನು ಮಾಡಿದ ಒಂದು ತಪ್ಪಿನದು. ಅದೇ ತಪ್ಪನ್ನು ಜಗತ್ತಿನ ಅತಿ ಜಾಣ ಎಂಜಿನಿಯರುಗಳೂ ಮಾಡಿದ್ದರೆಂದು ಗೊತ್ತಾದ ದಿನ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಮೈ ಜುಮ್ಮೆಂದಿತು.

ನನ್ನ ಹೆಸರು ಸುಧಾ. ಮನೆ ಧಾರವಾಡದಲ್ಲಿ, ಕೆಲಸ ಹುಬ್ಬಳ್ಳಿಯಲ್ಲಿ; ಅಂದಮೇಲೆ ಆಯುಷ್ಯದ ಒಂದು ಪಾಲು ಬಸ್ಸಿನ ಕಿಟಕಿಯ ಪಕ್ಕವೇ ಕಳೆದುಹೋಯಿತು. ಹುಬ್ಬಳ್ಳಿಯ ಒಂದು ದೊಡ್ಡ ದವಾಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ಸೇರಿದವಳು ಅಲ್ಲಿಂದಲೇ ನಿವೃತ್ತಳಾದೆ. ದವಾಖಾನೆಯ ಹೆಸರು ಹೇಳುವುದಿಲ್ಲ. ಇಲ್ಲಿ ಬರುವವರ ಹೆಸರುಗಳನ್ನು, ಕೆಲವರ ಹುದ್ದೆಯನ್ನು, ಊರನ್ನು ಕೂಡ ಬದಲಿಸಿದ್ದೇನೆ. ಯಾಕೆ ಎನ್ನುವುದು ಓದುತ್ತ ಹೋದಂತೆ ನಿಮಗೇ ತಿಳಿಯುತ್ತದೆ. ಬಡ್ತಿಗಳ ವಿಷಯ ಬರೆಯುವುದಿಲ್ಲ. ಬಂದವು, ಪೇಢೆ ಹಂಚಿದೆ, ಮುಗಿಯಿತು.

ಮೊದಲ ಕಂಪ್ಯೂಟರ್ ಬಂದಾಗ ಅದನ್ನು ದೇವರ ಖೋಲಿಯಂತೆ ನೋಡಿಕೊಳ್ಳುತ್ತಿದ್ದೆವು. ಚಪ್ಪಲಿ ಹೊರಗೆ, ಎಸಿ ಒಳಗೆ. ಆಗಿನ ಮ್ಯಾನೇಜರ್ ಸಾಹೇಬರು ಬಲು ಆಚಾರವಂತರು. ಆಯುಧ ಪೂಜೆಯ ದಿನ ನಾನು ಬೇಡ ಬೇಡ ಎಂದರೂ ಕೇಳದೆ ಕೀಬೋರ್ಡಿಗೆ ಅರಿಷಿಣ ಕುಂಕುಮ ಏರಿಸಿ, ಮೇಲೆ ತೀರ್ಥ ಪ್ರೋಕ್ಷಣೆಯನ್ನೂ ಮಾಡಿಬಿಟ್ಟರು. ಇಂಗ್ಲಿಷಿನ ‘ಡಿ’ ಕೀಲಿ ಅಲ್ಲಿಗೇ ಸಮಾಧಿಸ್ಥವಾಯಿತು. ಹೊಸ ಕೀಬೋರ್ಡು ಬರುವವರೆಗೆ ನಮ್ಮ ಊರಿನ ಸಮಸ್ತ ದೇಸಾಯರು ‘ಎಸಾಯಿ’ ಆಗಿ, ದೇಶಪಾಂಡೆಯವರು ‘ಎಶ್‌ಪಾನೆ’ ಆಗಿ ಚೀಟಿ ಹಿಡಿದುಕೊಂಡು ಬಂದು ನೋಂದಣಿ ಕಿಟಕಿಯಲ್ಲಿ ಜಗಳ ತೆಗೆದರು. ಒಬ್ಬ ಹಿರಿಯರಂತೂ, “ಏಳು ತಲಿ ಗಳಿಸಿದ್ದ ಹೆಸರು ನೀವು ಒಂದು ದಿನದಾಗ ಅರ್ಧಾ ಮಾಡಿದ್ರಲ್ಲ ಬಾಯಾರ!” ಎಂದು ಕಣ್ಣು ಬಿಟ್ಟರು. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ನನ್ನ ಮೊದಲ ಬುದ್ಧಿವಾದ ಇದು: ಭಕ್ತಿಯಿದ್ದರೆ ದೂರದಿಂದಲೇ ಕೈ ಮುಗಿಯಿರಿ.

ಕಂಪ್ಯೂಟರ್ ಬಂದರೂ ಹಳೆಯ ಕಾಗದದ ಫೈಲುಗಳು ಎಷ್ಟೋ ವರ್ಷ ಉಳಿದಿದ್ದವು. ಅವುಗಳ ಒಡೆಯ ಫಕೀರಪ್ಪ. ಕಪಾಟುಗಳ ನಡುವೆ ಅವನ ಸ್ಟೂಲು. ಆ ಮನುಷ್ಯನ ಕೆಲಸ ನೋಡುವುದೇ ಒಂದು ಸೋಜಿಗ. ಕಿಟಕಿಯ ಮುಂದೆ ಯಾರಾದರೂ ಬಂದು ನಿಂತು, ಹೆಸರು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನು ಎದ್ದು ನಡೆದಿರುತ್ತಿದ್ದ. ಅವರು ಹೆಸರು, ಊರು ಹೇಳಿ ಮುಗಿಸುವುದಕ್ಕೂ ಇವನು ಫೈಲು ತಂದು ಇಡುವುದಕ್ಕೂ ಸರಿಹೋಗುತ್ತಿತ್ತು.

“ಇದು ಹೆಂಗ ಗೊತ್ತಾಗ್ತದ ಫಕೀರಪ್ಪ?” ಎಂದು ಕೇಳಿದೆ.

“ಅಂದಾಜರಿ ಬಾಯಾರ. ಕೆಮ್ಮಕೋಂತ ಬಂದ್ರ ಎದಿ ವಿಭಾಗದ ಕಪಾಟ. ಸೊಂಟ ಹಿಡಕೊಂಡು ಬಂದ್ರ ಎಲುವಿಂದು. ಅಷ್ಟೂರಾಗ ಹೋದ ವಾರ ಬಂದವರ ಮಾರಿ ನೆನಪ ಇರತೈತಿ.”

“ತಪ್ಪಿದ್ರ?”

“ತಪ್ಪಿದ್ರ ಏನಾತ್ರಿ? ತಂದದ್ದು ತಿರಗಿ ಇಟ್ರ ಆತು. ಯಾರಿಗೆ ಗೊತ್ತಾಗತೈತಿ?”

ಯಾರಿಗೆ ಗೊತ್ತಾಗುತ್ತದೆ! ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಆಗ ನಮ್ಮ ಯಂತ್ರ ಬಹಳ ನಿಧಾನದ್ದು. ಒಬ್ಬ ರೋಗಿಯ ದಾಖಲೆ ಹುಡುಕಿ ತೆಗೆಯಲು ನಾಲ್ಕೈದು ಸೆಕೆಂಡು ಗರಗರ ತಿರುಗುತ್ತಿತ್ತು. ಡಾಕ್ಟರು ರೋಗಿಯ ಹೆಸರು, ಆಮೇಲೆ ತಮ್ಮ ಗುಪ್ತಪದ ಹೊಡೆಯಬೇಕು, ಯಂತ್ರ ಅದನ್ನು ಪರೀಕ್ಷಿಸಬೇಕು, ಆಮೇಲೆ ದಾಖಲೆ ಹುಡುಕಲು ಹೊರಡಬೇಕು. ನಾನು ಕೂತು ಪ್ರೋಗ್ರಾಮನ್ನು ತಿದ್ದಿದೆ. ಗುಪ್ತಪದ ಹೊಡೆಯುತ್ತಿರುವಾಗಲೇ ಯಂತ್ರ ಹೋಗಿ ದಾಖಲೆ ತಂದಿಟ್ಟುಕೊಳ್ಳಲಿ; ಕೇಳಿದವರಿಗೆ ನೋಡುವ ಹಕ್ಕು ಇದ್ದರೆ ತೋರಿಸಲಿ, ಇಲ್ಲದಿದ್ದರೆ ‘ಇಲ್ಲ, ಪರವಾನಗಿ ಇಲ್ಲ’ ಎಂದು ಹೇಳಿ ತಂದದ್ದನ್ನು ಎಸೆದುಬಿಡಲಿ. ಫಕೀರಪ್ಪನ ವಿದ್ಯೆಯನ್ನೇ ಯಂತ್ರಕ್ಕೆ ಕಲಿಸಿದ್ದೆ. ಡಾಕ್ಟರುಗಳೆಲ್ಲ ಶಾಬಾಸ್ ಎಂದರು. ನನಗೂ ಕೋಡು ಮೂಡಿತು.

ಈಗ ಒಂಬತ್ತನೇ ಖೋಲಿಯ ವಿಷಯ ಹೇಳಬೇಕು. ಅದು ಮನೋರೋಗ ವಿಭಾಗ. ಹಾಗೆಂದು ಬಾಗಿಲ ಮೇಲೆ ಬರೆದಿರಲಿಲ್ಲ. ಬರೀ ‘9’ ಎಂದಿತ್ತು. ನಿದ್ದೆ ಬಾರದವರು, ಸುಮ್ಮಸುಮ್ಮನೆ ಅಳು ಬರುವವರು, ಹೆರಿಗೆಯಾದ ಮೇಲೆ ಕೂಸಿನ ಮುಖ ನೋಡಲೊಲ್ಲದವರು ಅಲ್ಲಿಗೆ ಬರುತ್ತಿದ್ದರು. ಮನೆಯಲ್ಲಿ ‘ಹೊಟ್ಟಿನೋವು’ ಎಂದು ಹೇಳಿ ಬರುತ್ತಿದ್ದರು. ಯಾಕೆಂದರೆ ಒಂಬತ್ತನೇ ಖೋಲಿಯ ಮೆಟ್ಟಿಲು ಹತ್ತಿದ್ದು ಬೀಗರಿಗೆ ಗೊತ್ತಾದರೆ ಮದುವೆ ಮುರಿಯುತ್ತದೆ, ನೆರೆಯವರಿಗೆ ಗೊತ್ತಾದರೆ ಹೆಸರಿನ ಮುಂದೆ ಇನ್ನೊಂದು ಹೆಸರು ಅಂಟುತ್ತದೆ. ಇವತ್ತಿಗೂ ಇದು ಪೂರ್ತಿ ಬದಲಾಗಿಲ್ಲ.

ಆ ಖೋಲಿಯ ಸಲಹೆಗಾರ್ತಿ ಶಾಂತಕ್ಕ. ಎತ್ತರದ ಹೆಂಗಸು, ಇಳಕಲ್ ಸೀರೆ, ದಪ್ಪ ಕನ್ನಡಕ. ವಾರಕ್ಕೆ ಒಬ್ಬರಾದರೂ ಬಂದು ಅವರ ಮುಂದೆ ಕೂತು, ಅದೂ ಇದೂ ಮಾತಾಡಿ, ಕೊನೆಗೆ, “ನಮ್ಮ ಪೈಕಿ ಒಂದು ಹುಡುಗಿ... ಇಲ್ಲಿ ಬರ್ತಾಳೇನ್ರಿ?” ಎಂದು ವಿಷಯಕ್ಕೆ ಬರುತ್ತಿದ್ದರು. ಶಾಂತಕ್ಕ ಕನ್ನಡಕ ತೆಗೆದು, ಸೆರಗಿನಿಂದ ಎರಡೂ ಗಾಜು ಒರೆಸಿ, ತಿರುಗಿ ಹಾಕಿಕೊಂಡು, “ನನಗ ಗೊತ್ತಿಲ್ಲ ನೋಡ್ರಿ” ಎನ್ನುತ್ತಿದ್ದರು. ಎಲ್ಲರಿಗೂ ಇದೇ ಉತ್ತರ, ಇದೇ ಒರೆಸಾಟ. ಹುಡುಗಿ ಬಂದಿದ್ದರೂ ಅಷ್ಟೇ, ಅವಳ ಹೆಸರನ್ನೇ ಕೇಳಿರದಿದ್ದರೂ ಅಷ್ಟೇ.

“ಅಷ್ಟು ಸಲ ಒರಸಿದ್ರ ಗಾಜು ಸವದು ಹೋಗ್ತಾವ ಶಾಂತಕ್ಕ” ಎಂದು ನಾನು ಚೇಷ್ಟೆ ಮಾಡಿದ್ದೆ.

ಅವರು ನಗಲಿಲ್ಲ. “ಸುಧಾ, ಪಟ್ನ ‘ಇಲ್ಲ’ ಅಂದ್ರ ಮಂದಿ ‘ಖರೇನ ಬಂದಿಲ್ಲ’ ಅಂತ ತಿಳಕೋತಾರ. ಒಂದ ಗಳಿಗಿ ತಡದು ‘ಇಲ್ಲ’ ಅಂದ್ರ ‘ಬಂದಾಳ, ಮುಚ್ಚಾಕತ್ತಾರ’ ಅಂತಾರ. ಬಾಯಿ ಇಲ್ಲ ಅಂದ್ರೂ ತಡಾ ಆದದ್ದು ಹೌದು ಅಂತೈತಿ. ಅದಕ್ಕ ಎಲ್ಲಾರಿಗೂ ಅಷ್ಟ ಹೊತ್ತು” ಎಂದರು.

ಮಾತು ಚೆನ್ನಾಗಿದೆ ಎಂದುಕೊಂಡು ಚಹಾ ಕುಡಿದು ಎದ್ದು ಬಂದೆ. ಕೈಗೆ ಬಂದ ಮಾಣಿಕ್ಯವನ್ನು ಬೆಣಚುಕಲ್ಲು ಎಂದು ಬಿಸಾಡಿದೆ ಎಂದು ಆಗ ಗೊತ್ತಾಗಲಿಲ್ಲ.

ಒಂಬತ್ತನೇ ಖೋಲಿಯ ದಾಖಲೆಗಳೂ ಕಂಪ್ಯೂಟರಿಗೆ ಬಂದವು. ಶಾಂತಕ್ಕ ಒಪ್ಪಿರಲಿಲ್ಲ. ತಮ್ಮ ರಜಿಸ್ಟರನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಕೀಲಿಯನ್ನು ಕೊರಳಲ್ಲಿ ಹಾಕಿಕೊಂಡವರು ಅವರು. “ನಿಮ್ಮಿಬ್ಬರನ್ನ ಬಿಟ್ರ, ನೀವು ಮತ್ತ ಡಾಕ್ಟರು, ಮತ್ತ್ಯಾರಿಗೂ ಅದು ತೆರಿಯೂದಿಲ್ಲ. ನನ್ನ ಮಾತು” ಎಂದು ನಾನು ಕೈ ಮೇಲೆ ಕೈ ಹಾಕಿ ಹೇಳಿದ ಮೇಲೆ ರಜಿಸ್ಟರ್ ಕೊಟ್ಟರು. ಸುಳ್ಳು ಹೇಳಿರಲಿಲ್ಲ. ಯಾರಿಗೂ ಅದು ತೆರೆಯಲಿಲ್ಲ.

ನೋಂದಣಿ ಕಿಟಕಿಯಲ್ಲಿ ಮಾರುತಿ ಎಂಬ ಗುಮಾಸ್ತನಿದ್ದ. ಕೆಟ್ಟವನಲ್ಲ, ಕುತೂಹಲ ಹೆಚ್ಚು. ಒಮ್ಮೆ ಕೈತಪ್ಪಿ ಒಂಬತ್ತನೇ ಖೋಲಿಯ ಪುಟದಲ್ಲಿ, ಗುಪ್ತಪದವಿಲ್ಲದೆ, ಒಂದು ಹೆಸರು ಹೊಡೆದ. ‘ಇಲ್ಲ, ಪರವಾನಗಿ ಇಲ್ಲ’ ಎಂದು ಬಂತು. ಇನ್ನೊಂದು ಹೆಸರು ಹೊಡೆದ. ಮತ್ತೆ ಅದೇ ಬಂತು, ಆದರೆ ಈ ಸಲ ಯಂತ್ರ ನಾಲ್ಕು ಸೆಕೆಂಡು ಗರಗರ ಎಂದು ಆಮೇಲೆ ಹೇಳಿತು. ಮಾರುತಿ ಜಾಣ. ದಾಖಲೆಯೇ ಇಲ್ಲದ ಹೆಸರಿಗೆ ತರುವುದಕ್ಕೆ ಏನೂ ಇಲ್ಲ, ಉತ್ತರ ಪಟ್ಟನೆ ಬರುತ್ತದೆ. ದಾಖಲೆ ಇರುವ ಹೆಸರಿಗೆ, ನಾನು ಕಲಿಸಿದ ಹಾಗೆ, ಯಂತ್ರ ಮೊದಲು ಓಡಿಹೋಗಿ ಅದನ್ನು ತರುತ್ತದೆ, ಆಮೇಲೆ ಹಕ್ಕು ಇದೆಯೇ ಎಂದು ನೋಡುತ್ತದೆ, ಆಮೇಲೆ ಇಲ್ಲ ಎನ್ನುತ್ತದೆ. ತಡವಾದ ‘ಇಲ್ಲ’ ಎಂದರೆ ‘ಹೌದು’.

ಗಬ್ಬೂರಿನ ಅವನ ದೂರದ ಸಂಬಂಧಿಕರು ಸುಳ್ಳ ಎಂಬ ಹಳ್ಳಿಯ ಒಂದು ಹುಡುಗಿಯನ್ನು ತಮ್ಮ ಮಗನಿಗೆ ನೋಡಿ ಒಪ್ಪಿದ್ದರು. ದವಾಖಾನೆಯಲ್ಲಿರುವ ನಮ್ಮವನನ್ನು ಒಂದು ಮಾತು ಕೇಳೋಣ ಎಂದು ಬಂದರು. ಹುಡುಗಿಯ ಹೆಸರನ್ನು ಇಲ್ಲಿ ಸವಿತಾ ಎನ್ನುತ್ತೇನೆ. ಮಾರುತಿ ಹೆಸರು ಹೊಡೆದ. ಯಂತ್ರ ಗರಗರ ಎಂದಿತು.

ಮದುವೆ ಮುರಿದ ಮೂರನೆಯ ದಿನ ಸವಿತಾಳ ತಂದೆ ಶಾಂತಕ್ಕನ ಮುಂದೆ ಬಂದು ನಿಂತು, ಬೀಗರಿಗೆ ನಿಮ್ಮ ಕಂಪ್ಯೂಟರೇ ಹೇಳಿತು ಎಂದು ಮಾರುತಿ ಹೇಳಿದ್ದಾನೆ ಎಂದರಂತೆ. ಶಾಂತಕ್ಕ ನೇರ ನನ್ನ ಖೋಲಿಗೆ ಬಂದರು. ಬಯ್ಯಲಿಲ್ಲ. “ಒಂದು ಹೆಸರು ಹೊಡಿ” ಎಂದು ಯಾರದೋ ಹೆಸರು ಹೇಳಿದರು. ಹೊಡೆದೆ. “ಈಗ ಸವಿತಾನ ಹೆಸರು ಹೊಡಿ” ಎಂದರು. ಹೊಡೆದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಪರದೆಯನ್ನು ನೋಡಲೇ ಇಲ್ಲ.

“ನಿನ್ನ ಮಷೀನು ಉಸರ ಹಿಡೀತೈತಿ ಸುಧಾ” ಎಂದರು.

ನನಗೆ ಕೂಡಲೇ ಅರ್ಥವಾಯಿತು. ಕಿವಿಯವರೆಗೆ ಬಿಸಿಯಾಯಿತು. ವಿದ್ಯೆ ಕಲಿತ ನಾನು ಬೀಗ ಗಟ್ಟಿಯಿದೆಯೋ ಇಲ್ಲವೋ ಎಂದಷ್ಟೇ ನೋಡಿದ್ದೆ. ಈ ಹೆಂಗಸು ಬೀಗ ಎಷ್ಟು ಹೊತ್ತು ಸದ್ದು ಮಾಡಿತು ಎಂದು ಕೇಳಿಸಿಕೊಂಡಿದ್ದರು. ನಾಚಿಕೆಯ ಒಳಗೇ ಒಂದು ಬೆರಗೂ ಇತ್ತು ಎಂದು ಹೇಳಿದರೆ ತಪ್ಪು ತಿಳಿಯಬೇಡಿ.

ಮಾರುತಿಯನ್ನು ಕರೆಸಿದಾಗ ಅವನು ಗಳಗಳನೆ ಅತ್ತ. “ನಾ ಕೀಲಿ ಮುರದಿಲ್ರಿ ಬಾಯಾರ. ಕೀಲಿ ತಾನ ಹೇಳಿತು” ಎಂದ. ಅವನನ್ನು ಉಗ್ರಾಣಕ್ಕೆ ಹಾಕಿದರು. ನನ್ನನ್ನು ಯಾರೂ ಎಲ್ಲಿಗೂ ಹಾಕಲಿಲ್ಲ. ಯಾರಿಗೂ ನನ್ನ ತಪ್ಪು ಅರ್ಥವೇ ಆಗಿರಲಿಲ್ಲ.

ಶಾಂತಕ್ಕನಿಗೆ ಮುರಿದ ಮದುವೆಗಿಂತ ದೊಡ್ಡ ಚಿಂತೆಯೊಂದಿತ್ತು. ಸವಿತಾ ಗುಳಿಗೆ ಬಿಟ್ಟಿದ್ದಳು, ಇನ್ನು ದವಾಖಾನೆಯ ಮುಖ ನೋಡುವುದಿಲ್ಲ ಎಂದಿದ್ದಳು. ಶಾಂತಕ್ಕ ವಾರದ ಗುಳಿಗೆಗಳನ್ನು ಊಟದ ಡಬ್ಬಿಯಲ್ಲಿಟ್ಟುಕೊಂಡು ಸುಳ್ಳದ ಬಸ್ಸು ಹತ್ತತೊಡಗಿದರು. ಎರಡು ವಾರ ಬಾಗಿಲು ತೆರೆಯಲಿಲ್ಲ. ಮೂರನೆಯ ವಾರ ನಾನೂ ಹೋದೆ.

ಆಕೆಯ ತಂದೆ ಹೊರಗೆ ಕಟ್ಟೆಯ ಮೇಲೆ ಹತ್ತಿಬೀಜ ಹಸನು ಮಾಡುತ್ತ ಕೂತಿದ್ದರು. ನಾನು ಯಾರೆಂದು ಹೇಳಿ, ತಪ್ಪು ನನ್ನದೆಂದು ಹೇಳಿದೆ. ಅವರು ತಲೆ ಎತ್ತದೆ, “ಬೀಗತನ ಹೋತು, ಹೋಗ್ಲಿ. ಹುಡುಗಿ ಮತ್ತ ಮಾತು ಬಿಟ್ಟಾಳ. ಅದಕ್ಕೇನ ಮಾಡ್ತೀರಿ ಹೇಳ್ರಿ” ಎಂದರು. ಒಳಗಿನಿಂದ ಸವಿತಾಳೇ ಬಂದಳು. ಸಣ್ಣ ಮುಖದ, ಕಣ್ಣುಗಳಷ್ಟೇ ದೊಡ್ಡದಾಗಿದ್ದ ಹುಡುಗಿ.

“ಅಕ್ಕಾರ, ನಾ ನಮ್ಮ ಅವ್ವಗೂ ಪೂರಾ ಹೇಳಿದ್ದಿಲ್ಲ” ಎಂದಳು. “ಶಾಂತಕ್ಕಾರ ಮುಂದ ಹೇಳಿದೆ. ಅವರು ನಿಮ್ಮ ಪೆಟಿಗ್ಯಾಗ ಬರದಿಟ್ರು. ನನ್ನ ಹಿಡದು ಮೂರು ಮಂದಿಗೆ ಗೊತ್ತಿದ್ದದ್ದು. ಅದರಾಗ ಇಬ್ಬರು ಬಾಯಿ ಬಿಟ್ಟಿಲ್ಲ.”

ಈ ಮಾತನ್ನು ಕೇಳಿ ಬಸ್ಸಿನಲ್ಲಿ ನಾನು ಹುಬ್ಬಳ್ಳಿ ಬರುವ ತನಕ ಅತ್ತೆ. ಶಾಂತಕ್ಕ ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತಿದ್ದರು. ಆದರೆ ಡಬ್ಬಿ ಖಾಲಿಯಾಗಿತ್ತು. ಗುಳಿಗೆಗಳನ್ನು ಸವಿತಾ ಇಸಿದುಕೊಂಡಿದ್ದಳು. ಎರಡು ತಿಂಗಳ ಮೇಲೆ ತಾನೇ ಬಂದು ಒಂಬತ್ತನೇ ಖೋಲಿಯ ಮೆಟ್ಟಿಲು ಹತ್ತಿದಳು. ಮುಂದಿನದು ಆಕೆಯ ಸ್ವಂತದ್ದು, ಅದನ್ನು ಬರೆಯುವ ಹಕ್ಕು ನನಗಿಲ್ಲ.

ಪ್ರೋಗ್ರಾಮನ್ನು ನಾನು ಶಾಂತಕ್ಕ ನನ್ನ ಖೋಲಿಗೆ ಬಂದುಹೋದ ಮರುದಿನವೇ ತಿದ್ದಿದ್ದೆ. ಮೊದಲು ಹಕ್ಕಿನ ಪರೀಕ್ಷೆ, ಆಮೇಲೆ ದಾಖಲೆ ತರುವುದು. ಅದೂ ಸಾಲದೆಂದು, ಯಾರು ಯಾವ ಹೆಸರು ಕೇಳಿದರೂ ಉತ್ತರ ಐದು ಸೆಕೆಂಡು ಕಾದೇ ಬರಬೇಕು ಎಂದು ಕಟ್ಟು ಮಾಡಿದೆ. ಶಾಬಾಸ್ ಎಂದಿದ್ದ ಡಾಕ್ಟರುಗಳೇ, “ಏನ್ರಿ ಬಾಯಾರ, ನಿಮ್ಮ ಮಷೀನಿಗೆ ವಯಸ್ಸಾತೇನು?” ಎಂದು ಹಂಗಿಸಿದರು. “ಹೌದ್ರಿ, ಬುದ್ಧಿ ಬಂತು” ಎಂದೆ.

ಆಮೇಲೆ ಕೆಲಸದ ರೀತಿಯೇ ಬದಲಾಯಿತು. ಗರಗರ ಎನ್ನುವ ಪೆಟ್ಟಿಗೆಗಳು ಹೋದವು, ಫಕೀರಪ್ಪ ಹೋದ, ಅವನ ಕಪಾಟುಗಳು ಗುಜರಿಗೆ ಹೋದವು. ನಾನು ಬರೆದ ಪ್ರೋಗ್ರಾಮಿನ ಜಾಗಕ್ಕೆ ಹೊರಗಿನ ಕಂಪನಿಯದು ಬಂತು. ಹತ್ತು ಯಂತ್ರ ಮಾಡುತ್ತಿದ್ದ ಕೆಲಸವನ್ನು ಒಂದೇ ದೊಡ್ಡ ಸರ್ವರ್ ಮಾಡತೊಡಗಿತು. ಅದರೊಳಗೆ ಗೋಡೆ ಹಾಕಿದಂತೆ ಭಾಗ ಮಾಡಿ ಒಂದು ಭಾಗದಲ್ಲಿ ನಮ್ಮ ದಾಖಲೆ, ಪಕ್ಕದಲ್ಲಿ ಔಷಧ ಅಂಗಡಿಯದು, ಇನ್ನೊಂದರಲ್ಲಿ ಸ್ಕ್ಯಾನಿಂಗ್ ಕೇಂದ್ರದ್ದು. ಆ ಪಕ್ಕದವರ ಪ್ರೋಗ್ರಾಮುಗಳನ್ನು ಎಲ್ಲೋ ಕೂತ ಮಂದಿ ಎಲ್ಲಿಂದಲೋ ನಡೆಸುತ್ತಿದ್ದರು. ಅವರ ಮುಖವನ್ನೇ ನಾವು ನೋಡಿರಲಿಲ್ಲ. ಗೋಡೆ ಗಟ್ಟಿಯಿದೆ ಎಂಬುದೊಂದೇ ಧೈರ್ಯ. ಶಾಂತಕ್ಕನೂ ನಿವೃತ್ತರಾದರು. ಹೋಗುವ ದಿನ ನನ್ನ ಕೈ ಹಿಡಿದು, “ನನ್ನ ಮಂದಿ ನಿನ್ನ ಕಡೆ ಅದಾರ” ಎಂದರು. ಅವರು ‘ದಾಖಲೆ’ ಎನ್ನಲಿಲ್ಲ, ‘ಮಂದಿ’ ಎಂದರು.

2018ರ ಜನವರಿ. ಸಂಕ್ರಮಣ ಹತ್ತಿರ ಬಂದಿತ್ತು, ಆಫೀಸಿನಲ್ಲಿ ಆಗಲೇ ಕುಸುರೆಳ್ಳಿನ ಡಬ್ಬಿ ತಿರುಗುತ್ತಿತ್ತು. ಕಂಪ್ಯೂಟರಿನ ಮಿದುಳಾದ ಪ್ರೊಸೆಸರಿನಲ್ಲೇ ದೋಷ ಸಿಕ್ಕಿದೆಯೆಂಬ ಸುದ್ದಿ ಬಂತು. ಎರಡು ದೋಷಗಳು, ಒಂದಕ್ಕೆ ಮೆಲ್ಟ್‌ಡೌನ್, ಇನ್ನೊಂದಕ್ಕೆ ಸ್ಪೆಕ್ಟರ್ ಎಂದು ಹೆಸರಿಟ್ಟಿದ್ದರು. ಎರಡನೆಯದರ ಅರ್ಥ ದೆವ್ವ. ಜಗತ್ತಿನ ಬಹುಪಾಲು ಕಂಪ್ಯೂಟರುಗಳಲ್ಲಿ, ವರ್ಷಗಟ್ಟಲೆಯಿಂದ ಇದ್ದದ್ದು ಎಂದರು. ನಾನು ಆ ವಿವರಣೆಯನ್ನು ಮುದ್ರಿಸಿಕೊಂಡು ಕೂತು ಓದತೊಡಗಿದೆ. ಎರಡನೆಯ ಪುಟಕ್ಕೆ ಬಂದವಳು ಬಾಗಿಲು ಹಾಕಿಕೊಂಡು ಮತ್ತೆ ಮೊದಲಿನಿಂದ ಓದಿದೆ.

ಪ್ರೊಸೆಸರ್ ನಮ್ಮ ಆಜ್ಞೆಗಳನ್ನು ಒಂದಾದ ಮೇಲೊಂದರಂತೆ ಪಾಲಿಸುತ್ತದೆ ಎಂದು ನಾವೆಲ್ಲ ಓದಿದ್ದೆವು. ಹಾಗೆ ಪಾಳಿ ಕಾಯುತ್ತ ಕೂತರೆ ಅದು ಹೆಚ್ಚು ಹೊತ್ತು ಖಾಲಿಯೇ ಇರಬೇಕು, ಯಾಕೆಂದರೆ ಬೇಕಾದ ಸಂಗತಿ ದೂರದ ಮೆಮೊರಿಯಿಂದ ಬರುವುದು ಅದರ ಪಾಲಿಗೆ ಬಹಳ ತಡ. ಅದಕ್ಕಾಗಿ ಅದು ಅಂದಾಜು ಕಟ್ಟುತ್ತದೆ. ‘ಹಕ್ಕು ಇದ್ದರೆ ತೋರಿಸು’ ಎಂಬ ಆಜ್ಞೆ ಬಂದರೆ ಹಕ್ಕಿನ ಉತ್ತರ ಬರುವ ಮೊದಲೇ ಮುಂದಿನ ಕೆಲಸಕ್ಕೆ ಓಡಿರುತ್ತದೆ. ಅಂದಾಜು ಸರಿಯಾದರೆ ಹೊತ್ತು ಉಳಿಯಿತು. ತಪ್ಪಿದರೆ ಮಾಡಿದ್ದನ್ನೆಲ್ಲ ಅಳಿಸಿ, ಏನೂ ಆಗಿಲ್ಲವೆಂಬಂತೆ ಹಿಂದಕ್ಕೆ ಬರುತ್ತದೆ. ಕಣ್ಣೆವೆ ಮುಚ್ಚಿ ತೆರೆಯುವುದರೊಳಗೆ ಕೋಟಿ ಕೋಟಿ ಸಲ ಈ ಓಟ, ಈ ಮರಳುವಿಕೆ. ಬೆರಳುಗುರಿನಷ್ಟು ಜಾಗದಲ್ಲಿ! ನನ್ನ ಮೇಜಿನ ಕೆಳಗೆ ಇಷ್ಟು ವರ್ಷ ಇಷ್ಟೊಂದು ಫಕೀರಪ್ಪಂದಿರು ಓಡಾಡುತ್ತಿದ್ದರೆಂದು ಗೊತ್ತಾಗಿ ನಾನು ಬೆಪ್ಪಾಗಿ ಕೂತೆ.

ಆದರೆ ಎಲ್ಲವನ್ನೂ ಅಳಿಸುತ್ತಿರಲಿಲ್ಲ. ತಂದ ಸಂಗತಿಯ ಸುಳಿವು ಪ್ರೊಸೆಸರಿನ ಪಕ್ಕದ ಸಣ್ಣ ಸಂಗ್ರಹದಲ್ಲಿ ಉಳಿದುಬಿಡುತ್ತಿತ್ತು. ಹತ್ತಿರವಿದ್ದದ್ದು ಬೇಗ ಬರುತ್ತದೆ, ದೂರವಿದ್ದದ್ದು ತಡವಾಗಿ. ಯಾವುದು ಎಷ್ಟು ಬೇಗ ಬಂತೆಂದು ಅಳೆಯುತ್ತ ಹೋದರೆ ಕಾಣಬಾರದ್ದನ್ನು ಅಕ್ಷರ ಅಕ್ಷರವಾಗಿ ಓದಬಹುದು. ಯಾವ ಬೀಗವನ್ನೂ ಮುರಿಯಬೇಕಾಗಿಲ್ಲ. ನನ್ನ ಪ್ರೋಗ್ರಾಮಿನಲ್ಲಿ ತಡವಾದದ್ದು ಗುಟ್ಟು ಹೇಳಿತ್ತು, ಇಲ್ಲಿ ಬೇಗ ಬಂದದ್ದು ಹೇಳುತ್ತಿತ್ತು. ಆದರೆ ಮಾತಾಡಿದ್ದು ಎರಡೂ ಕಡೆ ಹೊತ್ತೇ. ತಂದದ್ದನ್ನು ತಿರುಗಿ ಇಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದು ಪ್ರೊಸೆಸರ್ ಮಾಡಿದ ಎಂಜಿನಿಯರುಗಳೂ ಅಂದುಕೊಂಡಿದ್ದರು. ಇದನ್ನು ಕಂಡುಹಿಡಿದವರನ್ನು ನೆನೆದು ನಾನು ಮನಸ್ಸಿನಲ್ಲೇ ಕೈ ಮುಗಿದೆ. ಸೆಕೆಂಡಿನ ಕೋಟಿಯಲ್ಲೊಂದು ಪಾಲಿನಷ್ಟು ಹೊತ್ತು ಯಂತ್ರ ಉಸಿರು ಹಿಡಿದದ್ದನ್ನು ಕೇಳಿಸಿಕೊಂಡ ಶಾಂತಕ್ಕಂದಿರು ಅವರು.

ಆಮೇಲೆ ಭಯವಾಯಿತು. ನಮ್ಮ ಗೋಡೆಯ ಆಚೆ ಮುಖ ಕಾಣದ ನೆರೆಯವರಿದ್ದರು. ಈಚೆ ಒಂಬತ್ತನೇ ಖೋಲಿಯ ಮಂದಿ.

ಪ್ಯಾಚ್ ಬಂತು. ಪ್ಯಾಚ್ ಎಂದರೆ ತೇಪೆ. ತೊಂದರೆ ಏನೆಂದರೆ ಈ ತೇಪೆ ಅಂದಾಜಿನ ಓಟಕ್ಕೇ ಕಡಿವಾಣ. ಮೊದಲು ಒಳಕೋಣೆಯ ಬಾಗಿಲು ಸದಾ ತೆರೆದಿರುತ್ತಿತ್ತು ಎಂದುಕೊಳ್ಳಿ. ಈಗ ಹೋಗುವಾಗೊಮ್ಮೆ ಬರುವಾಗೊಮ್ಮೆ ಅಗಳಿ ತೆಗೆದು ಹಾಕಬೇಕು. ಒಂದೇ ಕಡೆ ಕೂತು ಲೆಕ್ಕ ಮಾಡುವ ಪ್ರೋಗ್ರಾಮಿಗೆ ಅದು ನಾಟುವುದಿಲ್ಲ. ನಮ್ಮದು ದಾಖಲೆಯ ಕೆಲಸ, ಗಳಿಗೆಗೆ ನೂರು ಸಲ ಒಳಗೆ ಹೊರಗೆ. ಜೊತೆಗೆ ಮೊದಲು ಬಂದ ಒಂದು ತೇಪೆಯಿಂದ ಕೆಲವು ಯಂತ್ರಗಳು ತಾವೇ ಬಂದಾಗಿ ತಿರುಗಿ ಚಾಲೂ ಆಗುತ್ತಿವೆ ಎಂದು ಮಾಡಿದವರೇ ಅದನ್ನು ಹಿಂದಕ್ಕೆ ತೆಗೆದುಕೊಂಡರು. ನಾನು ಕಾದು, ಬೇರೊಂದು ಯಂತ್ರದಲ್ಲಿ ಪರೀಕ್ಷಿಸಿ, ಒಂದು ರವಿವಾರ ಹಾಕಿದೆ.

ಸೋಮವಾರ ನೋಂದಣಿಯ ಪಾಳಿ ಗೇಟು ಮುಟ್ಟಿತು. ಪರದೆ ಬದಲಾಗುವುದರಲ್ಲಿ ಗುಮಾಸ್ತರು ಆಕಳಿಸಿ ಮುಗಿಸುತ್ತಿದ್ದರು. ಅದನ್ನು ಸಹಿಸಬಹುದಿತ್ತು. ಆದರೆ ತುರ್ತು ವಿಭಾಗದಲ್ಲಿ ರಕ್ತದ ರಿಪೋರ್ಟೂ ತಡವಾಗಿ ತೆರೆಯತೊಡಗಿತು.

ದೊಡ್ಡ ಡಾಕ್ಟರು ಮಧ್ಯಾಹ್ನ ನನ್ನ ಖೋಲಿಗೆ ಬಂದರು. ಆಗ ದವಾಖಾನೆಯ ಮುಖ್ಯಸ್ಥರು ಅವರು. ಶಸ್ತ್ರಕ್ರಿಯೆಯ ಕೈ, ಅದಕ್ಕಿಂತ ಚುರುಕಾದ ಬಾಯಿ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಡುವ ಮನುಷ್ಯ. ಅವರು 'ಯೋಚನೆ ಮಾಡಿ ಹೇಳ್ತೀನಿ' ಎಂದದ್ದನ್ನು ಯಾರೂ ಕೇಳಿರಲಿಲ್ಲ.

“ಬಾಯಾರ, ಆ ನಿಮ್ಮ ತೇಪಿ ತಗೀರಿ. ಇವತ್ತ. ಈಗಿಂದೀಗ” ಎಂದು ಒಂದು ಕಾಗದ ಮೇಜಿನ ಮೇಲಿಟ್ಟರು. ಪ್ಯಾಚ್ ತೆಗೆಯಲು ಆದೇಶ. ಕೆಳಗೆ ನನ್ನ ಸಹಿ ಬೇಕಿತ್ತು.

“ಸರ್, ಒಂಬತ್ತನೇ ಖೋಲಿ ದಾಖಲೆ...”

“ಯಾರೋ ಎಲ್ಲೋ ಕೂತು ಓದಬಹುದು ಅಂತ ಅಂದಾಜಿನ ಮ್ಯಾಲೆ ನಾ ಕೆಳಗ ರಕ್ತ ಸುರಿಯೋ ಪೇಶಂಟಿನ್ನ ಕಾಯಿಸಲೇನು? ಅಲ್ಲಿ ಜೀವ ಹೋಗ್ತದ, ಇಲ್ಲಿ ಏನು ಹೋಗ್ತದ? ಒಂದು ಹೆಸರು ಹೊರಗ ಬರ್ತದ, ಅಷ್ಟ.”

ಅವರು ಹೇಳಿದ್ದರಲ್ಲಿ ಅರ್ಧ ನಿಜವಿತ್ತು, ಅದೇ ನನ್ನ ಸಂಕಟ. ಉಳಿದರ್ಧವನ್ನು ಬಾಯಲ್ಲಿ ಹೇಳಿದರೆ ಅವರು ಕೇಳುವವರಲ್ಲ ಎಂದು ಗೊತ್ತಿತ್ತು. “ಐದು ನಿಮಿಷ ಕೊಡ್ರಿ ಸರ್, ಒಂದು ತೋರಸ್ತೀನಿ” ಎಂದೆ. ನನ್ನ ಹಳೆಯ ತಪ್ಪಿನ ಪ್ರೋಗ್ರಾಮನ್ನು ನಾನು ಎಸೆದಿರಲಿಲ್ಲ. ಮೂಲೆಯಲ್ಲಿ ಉಳಿಸಿಕೊಂಡಿದ್ದ ಒಂದು ಹಳೆಯ ನಿಧಾನದ ಯಂತ್ರದಲ್ಲಿ ಅದನ್ನು ತೆರೆದೆ. ಒಂದು ಹೆಸರು ಹೊಡೆದೆ. ‘ಇಲ್ಲ, ಪರವಾನಗಿ ಇಲ್ಲ’ ಎಂದು ಪಟ್ಟನೆ ಬಂತು. ಇನ್ನೊಂದು ಹೆಸರು ಹೊಡೆದೆ. ಒಂದು, ಎರಡು, ಮೂರು, ನಾಲ್ಕು. ‘ಇಲ್ಲ, ಪರವಾನಗಿ ಇಲ್ಲ.’

“ಎರಡಕ್ಕೂ ಇಲ್ಲ ಅಂತದ. ಏನು ಫರಕು?” ಎಂದರು.

“ಎರಡನೇ ಹೆಸರಿನಾಕಿ ಒಂಬತ್ತನೇ ಖೋಲಿಗೆ ಬರ್ತಾಳ ಅಂತ ಈಗ ನಿಮಗ ಗೊತ್ತಾತು ಸರ್.”

ಅವರ ಹುಬ್ಬು ಮೇಲೇರಿತು. ಸವಿತಾಳ ಕಥೆಯನ್ನು ಹೆಸರು ಹೇಳದೆ ಹೇಳಿದೆ. “ಅವತ್ತ ನಾಕು ಸೆಕೆಂಡ್ ಹೇಳಿತ್ತು. ಈಗ ಅದರ ಕೋಟಿಯೊಳಗ ಒಂದು ಪಾಲಿನಷ್ಟು ಹೊತ್ತು ಹೇಳ್ತದ. ಅವತ್ತ ಬರೇ ಹೌದು ಅಂದಿತ್ತು, ಈಗ ಪೂರಾ ಪುಟಾನ ಓದಸ್ತದ. ನೀವ ಯಾವುದರ ಒಂದು ಹೆಸರು ಹೊಡದು ನೋಡ್ರಿ” ಎಂದು ಕೀಬೋರ್ಡನ್ನು ಅವರ ಕಡೆ ಸರಿಸಿದೆ.

ಅವರು ಕೂಡಲೇ ಕೈ ಮುಂದೆ ಮಾಡಿದರು. ಒಂದು ಅಕ್ಷರ ಹೊಡೆದರು. ಅಲ್ಲಿಗೆ ಕೈ ನಿಂತಿತು.

ಶಸ್ತ್ರಕ್ರಿಯೆಯ ಮೇಜಿನ ಮುಂದೆ ಎಂದೂ ತಡವರಿಸದ ಕೈ ಕೀಲಿಗಳ ಮೇಲೆ ಗಾಳಿಯಲ್ಲಿ ಹಾಗೇ ಉಳಿಯಿತು. ಹೊರಗೆ ಯಾರೋ ಸ್ಟ್ರೆಚರ್ ತಳ್ಳಿಕೊಂಡು ಹೋದರು, ಅದರ ಗಾಲಿಗಳ ಸದ್ದು ಓಣಿಯ ಕೊನೆಯವರೆಗೂ ಹೋಗಿ ನಿಂತಿತು. ಆಮೇಲೆ ಅವರು ನಿಧಾನವಾಗಿ ಆ ಅಕ್ಷರವನ್ನು ಅಳಿಸಿದರು.

“ಇದ್ರಾಗ ಖರೇ ಪಟ್ಟಿ ಅದ ಏನ್ರಿ?” ಎಂದರು. ಧ್ವನಿ ಅವರದಾಗಿರಲಿಲ್ಲ.

“ಇಲ್ರಿ ಸರ್. ಎಲ್ಲಾ ನಾನ ಕಟ್ಟಿದ ಹೆಸರು.”

ಅವರು ಉಸಿರು ಬಿಟ್ಟರು. ಮೇಜಿನ ಮೇಲಿದ್ದ ಕಾಗದವನ್ನು ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿಟ್ಟುಕೊಂಡರು. “ತುರ್ತು ವಿಭಾಗಕ್ಕ ಬ್ಯಾರೆ ಮಷೀನ್ ಹಚ್ರಿ, ಅದರಾಗ ನೆರಿಹೊರಿ ಯಾರನ್ನೂ ಇಡಬ್ಯಾಡ್ರಿ. ಏನು ಬೇಕು ಬರದು ಕೊಡ್ರಿ, ಸಂಜಿಕ್ಕ ತರಸ್ತೀನಿ. ಉಳದದ್ದು ನಿಧಾನ ಆದ್ರ ಆಗ್ಲಿ. ಪಾಳಿ ಗೇಟಿನ ಹೊರಗ ಹೋದ್ರ ಹೋಗ್ಲಿ” ಎಂದರು. ಪ್ಯಾಚ್ ಉಳಿಯಿತು. ಹೊಸ ಸರ್ವರ್ ಬರುವ ತನಕ ಒಂದೂವರೆ ವರ್ಷ ಮಂದಿ ನನ್ನನ್ನು ಬಯ್ದರು, ಅವರನ್ನೂ ಬಯ್ದರು.

ಅಂದು ಬಾಗಿಲ ತನಕ ಹೋದವರು ತಿರುಗಿ ನಿಂತರು.

“ಬಾಯಾರ, ನಾ ಹೊಡದ ಅಕ್ಷರ ನೀವೇನರ ನೋಡಿದ್ರೇನು?”

“ಇಲ್ರಿ ಸರ್” ಎಂದೆ. ಮೂವತ್ತು ವರ್ಷ ಈ ಕೆಲಸ ಮಾಡಿದವಳು, ಅದನ್ನು ಹೇಳಲು ಒಂದು ಉಸಿರಿನಷ್ಟು ತಡ ಮಾಡಿಬಿಟ್ಟೆ. ಅವರು ನನ್ನ ಮುಖ ನೋಡಿದರು, ತಲೆಯಾಡಿಸಿದರು, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದರು.